ಫ್ರೇಮ್ ಕಾಕಾ

ಬೆಂಗಳೂರಿನ ಅಂತಾರಾಷ್ಟ್ರೀಯ ಚಿತ್ರೋತ್ಸವಕ್ಕೆ ಒಮ್ಮೆ ಹೋಗಿ ಬಂದವರನ್ನು ಗುರುತು ಹಿಡಿಯುವುದು ಸುಲಭ. ಅವರು ಸಿನಿಮಾ ನೋಡುವುದಿಲ್ಲ, ‘ಓದುತ್ತಾರೆ’. ಚೆನ್ನಾಗಿತ್ತು ಅನ್ನುವುದಿಲ್ಲ, ‘ಕಾಡುತ್ತದೆ’ ಅನ್ನುತ್ತಾರೆ. ಇಂಥವರು ಬಸವನಗುಡಿಯಲ್ಲಿ ಬೀದಿಗೊಬ್ಬರು ಸಿಕ್ಕಾರು. ಶಿಗ್ಗಾಂವಿ ತಾಲೂಕಿನ ನಮ್ಮ ದುಂಡಸಿಗೆ ಒಬ್ಬರೇ. ನಿವೃತ್ತ ಡ್ರಾಯಿಂಗ್ ಮಾಸ್ತರು. ಮಾತಿಗೆ ಮೂರು ಸಲ ‘ಫ್ರೇಮ್ ನೋಡ್ರಿ, ಫ್ರೇಮ್’ ಅನ್ನುವುದರಿಂದ ಊರು ಅವರಿಗೆ ಫ್ರೇಮ್ ಕಾಕಾ ಎಂದು ಹೆಸರಿಟ್ಟಿದೆ. ಹೆಸರು ನಂಬಿ ಒಬ್ಬರು ತೀರಿಕೊಂಡ ಅಜ್ಜನ ಫೋಟೋಕ್ಕೆ ಕಟ್ಟು ಹಾಕಿಸಲು ಬಂದದ್ದೂ ಉಂಟು. ಕಾಕಾ ಫೋಟೋ ಹಿಡಿದುಕೊಂಡು, “ಅಜ್ಜಾರ ತಲಿ ಮ್ಯಾಲೆ ಇಷ್ಟು ಖಾಲಿ ಜಾಗಾ ಯಾಕ ಬಿಟ್ಟಾನ, ಹೇಳ್ರಿ ನೋಡೋಣ” ಎಂದು ಅರ್ಧ ತಾಸು ವಿವರಿಸಿ, ಚಹಾ ಕುಡಿಸಿ, ಫೋಟೋ ಹಾಗೇ ಮರಳಿ ಕೊಟ್ಟರು.

ರೋಗ ಹಳೆಯದು. ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ ಕುರೊಸಾವಾ, ಸತ್ಯಜಿತ್ ರಾಯ್ ಅವರನ್ನು ಅಡಕೆ ತೋಟದ ಜನರ ಮುಂದೆ ತಂದು ನಿಲ್ಲಿಸಿತಲ್ಲ, ಅಲ್ಲಿಯ ರಸಗ್ರಹಣ ಶಿಬಿರಕ್ಕೆ ಕಾಕಾ ಹರೆಯದಲ್ಲಿ ಹೋಗಿದ್ದರು. ದೊಡ್ಡ ಸಿನಿಮಾ ಹಳ್ಳಿಯವರಿಗೂ ದಕ್ಕುತ್ತದೆ ಎಂಬುದು ಕೆ.ವಿ. ಸುಬ್ಬಣ್ಣನವರ ನಂಬಿಕೆ. ಕಾಕಾ ಅದನ್ನು ತುಸು ತಿದ್ದಿಕೊಂಡು ಮರಳಿದರು: ಹಳ್ಳಿಯವರಲ್ಲಿ ತನಗೊಬ್ಬನಿಗೆ ದಕ್ಕುತ್ತದೆ.

ಅಂದಿನಿಂದ ಶ್ರೇಷ್ಠ ಸಿನಿಮಾಕ್ಕೆ ಅವರದೊಂದು ಅಳತೆಗೋಲು. ಕಪ್ಪು-ಬಿಳುಪಾದರೆ ಉತ್ತಮ. ಬಣ್ಣ ಇದ್ದೇ ತೀರಬೇಕೆಂದರೆ ಬೂದಿ ಬಣ್ಣ. ಮಾತು ಕಡಿಮೆ ಇರಬೇಕು. ಯಾರಾದರೊಬ್ಬರು ಕಿಟಕಿಗೆ ಆತು ಹೊರಗೆ ನೋಡಬೇಕು. ಕೊನೆಗೆ ಏನೂ ಆಗಬಾರದು. ನೋಡುವವರಿಗೆ ನಿದ್ದೆ ಬಂದರೆ ಅದು ನೋಡುವವರ ದೋಷ; ಸ್ವತಃ ಕಾಕಾರಿಗೆ ಬಂದರೆ ಅದು ‘ಧ್ಯಾನಸ್ಥ ಲಯ’. ನಗು ಬಂತೋ, ಸಿನಿಮಾದ ದರ್ಜೆ ಇಳಿಯಿತು. ಉತ್ಸವ ಮುಗಿದು ತಿಂಗಳಾದರೂ ಕೊರಳಿನ ಪಾಸು ಬಿಚ್ಚದೆ ಸಂತೆಯಲ್ಲಿ ಬದನೆಕಾಯಿ ಆರಿಸುವ ಅವರನ್ನು ಹೊರಗಿನ ವ್ಯಾಪಾರಿಗಳು ತೂಕ-ಅಳತೆ ಇಲಾಖೆಯವರೆಂದು ತಿಳಿದು ಒಂದು ಹಿಡಿ ಹೆಚ್ಚಿಗೆ ಹಾಕುತ್ತಾರೆ.

ಬಣ್ಣದ ವೈರ ಮನೆಯನ್ನೂ ಬಿಟ್ಟಿರಲಿಲ್ಲ. ಕಾಕಾ ಚಿತ್ರೋತ್ಸವದಲ್ಲಿದ್ದಾಗ ಅವರ ಹೆಂಡತಿ, ಅಂದರೆ ನಮ್ಮ ಕಾಕು, ಪೇಂಟರನ್ನು ಕರೆಸಿ ಪಡಸಾಲೆಗೆ ಗುಲಾಬಿ, ಬಾಗಿಲಿಗೆ ಆಕಾಶನೀಲಿ, ಕಿಟಕಿಗೆ ಗಿಳಿಹಸಿರು ಬಳಿಸಿದ್ದರು. ಮರಳಿ ಬಂದ ಕಾಕಾ ಹೊಸ್ತಿಲಲ್ಲೇ ನಿಂತು, “ಇದೇನು ಮನೀನೋ, ಬೆಂಡು-ಬತ್ತಾಸದ ಅಂಗಡೀನೋ” ಅಂದರು. ಬೀಗರು ಬಂದಾಗ ಎಲ್ಲರೂ ಗೋಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋದರೆ ಇವರು ಗೇಟಿನ ಹೊರಗೇ ಕೂಡುತ್ತಿದ್ದರು. ಟಿ.ಬಿ. ಸೊಲಬಕ್ಕನವರು ರೂಪಿಸಿದ ಆ ತೋಟದಲ್ಲಿ ಒಕ್ಕಲು ಮಾಡುವವರು, ರೊಟ್ಟಿ ತಟ್ಟುವವರು, ರಾಜಕುಮಾರರ ಪಾತ್ರಗಳು, ಎಲ್ಲ ಆಳೆತ್ತರ, ಎಲ್ಲ ಮೈತುಂಬ ಬಣ್ಣ. “ಕಣ್ಣಿಗೆ ಚುಚ್ಚತೈತಿ” ಅನ್ನುವುದು ಕಾಕಾರ ವಿಮರ್ಶೆ.

ಇಂಥವರ ಕೈಗೆ ಬೆಂಗಳೂರಿನ ಮೊಮ್ಮಗ ಪೆನ್‌ಡ್ರೈವಿನಲ್ಲಿ ಒಂದು ಥಾಯ್ ಸಿನಿಮಾ ತಂದುಕೊಟ್ಟ. ‘ಸಿಟಿಜನ್ ಡಾಗ್’, 2004ರದ್ದು, ನಿರ್ದೇಶಕ ವಿಸಿತ್ ಸಾಸನತಿಯಾಂಗ್. ಪ್ರೇಮಕಥೆ, ನಗಿಸುವಂಥದ್ದು ಎಂದು ಹುಡುಗ ಹೇಳಲಿಲ್ಲ. “ಇವರ ಮೊದಲನೇ ಸಿನಿಮಾ 2001ರಾಗ ಕಾನ್ ಉತ್ಸವಕ್ಕ ಹೋಗಿತ್ತು ಅಜ್ಜಾ” ಎಂದಷ್ಟೇ ಹೇಳಿದ. ಅಷ್ಟು ಸಾಕಾಯಿತು. ಅಂದು ರಾತ್ರಿ ಪಡಸಾಲೆಯ ಟಿವಿ ಮುಂದೆ ಓಣಿಯ ಮಂದಿ ಕೂಡಿತು. ಕಾಕಾ ಎಂದಿನಂತೆ ನೋಟುಬುಕ್ಕು ತೆರೆದು, ಬ್ಯಾಟರಿ ಇರುವ ಪೆನ್ನು ಹಿಡಿದು, “ಮೌನ ಇರಲಿ” ಅಂದರು.

ಪರದೆ ತುಂಬ ಬಣ್ಣ ಸುರಿಯಿತು. ಕೆಂಪೆಂದರೆ ಕೆಂಪು, ಹಳದಿಯೆಂದರೆ ಹಳದಿ. ಪೋಡ್ ಎಂಬ ಹಳ್ಳಿ ಹುಡುಗ ಬ್ಯಾಂಕಾಕಿಗೆ ಹೊರಡುತ್ತಾನೆ. ಅಲ್ಲಿ ನೌಕರಿ ಹಿಡಿದರೆ ಬಾಲ ಮೂಡುತ್ತದೆ ಎಂದು ಅಜ್ಜಿ ಹೆದರಿಸುತ್ತಾಳೆ. ಮೀನಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಅವನ ಬೆರಳು ತುಂಡಾಗಿ ಡಬ್ಬಿ ಸೇರುತ್ತದೆ. ಹುಡುಕಿ ತಂದು ಜೋಡಿಸಿಕೊಂಡರೆ ಅದು ಇನ್ನೊಬ್ಬನ ಬೆರಳು! ಆಮೇಲೆ ಸೆಕ್ಯುರಿಟಿ ಕೆಲಸ. ಅಲ್ಲಿ ಕಸ ಗುಡಿಸುವ ಜಿನ್ ಕಣ್ಣಿಗೆ ಬೀಳುತ್ತಾಳೆ: ನೀಲಿ ಸಮವಸ್ತ್ರ, ಕೈಯಲ್ಲಿ ತನಗೆ ಓದಲು ಬಾರದ ಒಂದು ಬಿಳಿ ಪುಸ್ತಕ. ಅವಳಿಗೆ ಇವನ ಕಡೆ ಲಕ್ಷ್ಯವಿಲ್ಲ. ಜಗತ್ತು ಉಳಿಸಲು ಪ್ಲಾಸ್ಟಿಕ್ ಬಾಟಲಿ ಕೂಡಿಹಾಕುತ್ತಾಳೆ, ಅದು ಬೆಟ್ಟವಾಗಿ ಬೆಳೆಯುತ್ತದೆ. ಆಕಾಶದಿಂದ ಹೆಲ್ಮೆಟ್ಟಿನ ಮಳೆ ಬೀಳುತ್ತದೆ.

ನಮ್ಮವರಿಗೆ ಯಾವುದೂ ವಿಚಿತ್ರ ಅನ್ನಿಸಲಿಲ್ಲ. ಸತ್ತ ಅಜ್ಜಿ ಹಲ್ಲಿಯಾಗಿ ಹುಟ್ಟಿಬಂದಾಗ ಹಿಂದಿನ ಸಾಲಿನ ಮುದುಕಿಯರು ನೆಲಕ್ಕೆ ಬೆರಳು ಬಡಿದು ‘ಕೃಷ್ಣ ಕೃಷ್ಣ’ ಅಂದರು. ಮಗನನ್ನು ಬೆಂಗಳೂರಿಗೆ ಕಳಿಸಿದ ಎದುರುಮನೆಯ ಅವ್ವ, “ನಮ್ಮ ಹುಡುಗಾನೂ ಇದ ಸೆಕ್ಯುರಿಟಿ ಕೆಲಸಾನ ಮಾಡತಾನ. ಬಾಲ ಬಂದಿಲ್ಲ, ಆದ್ರ ಫೋನ್ ಹಚ್ಚೂದು ಬಿಟ್ಟಾನ” ಅಂದಳು. ಊರಿಗೆಲ್ಲ ಬಾಲ ಮೂಡಿ ಪೋಡ್ ಒಬ್ಬನಿಗೆ ಮೂಡದೆ ಉಳಿದಾಗ ಅವಳೇ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಅರ್ಥ ಹೇಳಿಕೊಡಲು ಕಾದಿದ್ದ ಕಾಕಾರಿಗೆ ಕೆಲಸವೇ ಉಳಿಯಲಿಲ್ಲ.

ಉಳಿದದ್ದು ಇನ್ನೊಂದು ತೊಂದರೆ. ಬೆರಳು ಅದಲುಬದಲಾದಾಗ ಕತ್ತಲಲ್ಲಿ ಒಂದು ದೊಡ್ಡ ನಗು ಕೇಳಿಸಿತ್ತು, ಅದು ಕಾಕಾರದು. ಲೈಟು ಹಾಕಿದ ಮೇಲೆ ಮೊಮ್ಮಗ ನೋಟುಬುಕ್ಕು ಕಸಿದು ಓದಿದ: “ಕೆಂಪು: ನಗರದ ಹಿಂಸೆ? ನೀಲಿ: ಒಂಟಿತನ?” ಅಷ್ಟೇ. ಅಲ್ಲಿಂದ ಮುಂದೆ ಹಾಳೆ ಖಾಲಿ.

“ನಕ್ಕಿದ್ದು ಖರೆ” ಎಂದರು ಕಾಕಾ, ಗಂಟಲು ಸರಿಮಾಡಿಕೊಂಡು. “ಆದ್ರ ಆ ನಗೀ ಒಳಗ ಒಂದು ವಿಷಾದ ಐತಿ.”

“ವಿಷಾದ ಇದ್ರ ಇರವಲ್ತ್ಯಾಕ” ಅಂದರು ಕಾಕು, “ಸಿನಿಮಾ ನಮ್ಮ ಬ್ಯಾಡಗಿ ಮೆಣಸಿನಕಾಯಿ ಇದ್ದಂಗ ಐತಿ. ಬಣ್ಣ ಭಾಳ, ಖಾರ ಹದಾ. ಅದಕ್ಕ ಎಲ್ಲಾರಿಗೂ ಸೇರೇತಿ.” ಆಮೇಲೆ ಟಿವಿಯ ಕಡೆ ಬೆರಳು ತೋರಿಸಿ, “ಅಲ್ರೀ, ಆ ಸಿನಿಮಾದ ಬಣ್ಣ, ನಮ್ಮ ಪಡಸಾಲಿ ಬಣ್ಣ ಎರಡೂ ಒಂದ ಅಲ್ಲೇನು? ಅದಕ್ಕ ಕಲರ್ ಡಿಸೈನ್ ಅಂತೀರಿ, ಇದಕ್ಕ ಬೆಂಡು-ಬತ್ತಾಸ ಅಂತೀರಿ!”

ಕಾಕಾ ಗೋಡೆ ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈಯ ಬೆರಳುಗಳಿಂದ ಚೌಕಟ್ಟು ಮಾಡಿ, ಒಂದು ಕಣ್ಣು ಮುಚ್ಚಿ ಮತ್ತೆ ನೋಡಿದರು. “ನಮ್ಮ ಮನ್ಯಾಗೂ ಒಂದು ಥಾಯ್ ಪ್ಯಾಲೆಟ್ ಐತಿ” ಎಂದು ಒಪ್ಪಿಕೊಂಡರು. ಮುಂದಿನ ವಾರ ಗೋಟಗೋಡಿಗೆ ಟಿಕೆಟು ಕೊಂಡು ಒಳಗೂ ಹೋದರು.

ಇದರಿಂದ ಕಾಕಾ ಸುಧಾರಿಸಿದರೆಂದು ಯಾರೂ ತಿಳಿಯಬಾರದು. ಅಷ್ಟು ಮಂದಿ ನಕ್ಕದ್ದು ಅವರ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಪ್ರಾಯಶ್ಚಿತ್ತಕ್ಕೆಂಬಂತೆ ಮುಂದಿನ ಪ್ರದರ್ಶನ ಸಾರಿದರು: ಹಂಗೇರಿಯ ಬೆಲಾ ಟಾರ್ ಅವರ ‘ಸಾಟಾನ್‌ಟಾಂಗೋ’, 1994ರದ್ದು, ಕಪ್ಪು-ಬಿಳುಪು, ಏಳು ತಾಸಿನದು.

“ಊಟ ಐತೇನ್ರಿ?” ಎಂದು ಹುಡುಗರು ಕೇಳಿದರು. ಕಾಕಾ ಕಿವಿಗೆ ಹಾಕಿಕೊಳ್ಳಲಿಲ್ಲ. “ಸುರುವಾತಿಗೆ ಆಕಳ ಹಿಂಡು ಕೊಟಗಿಯಿಂದ ಹೊರಗ ಬರತೈತಿ. ಕ್ಯಾಮೆರಾ ನಿಧಾನಕ ಅವುಗಳ ಗುಂಟ ಹೋಕ್ಕೈತಿ. ನಿಮಿಷಗಟ್ಟಲೆ ಬರೇ ಆಕಳ! ಏನ್ ಶಾಟ್, ಏನ್ ಫ್ರೇಮ್!”

ಮಂದಿ ಮೆಲ್ಲಗೆ ಏಳತೊಡಗಿತು. ಹೈನ ಕಟ್ಟಿಕೊಂಡ ಒಬ್ಬ ಹಿರಿಯ ಮಾತ್ರ ಕೂತಲ್ಲೇ ಕುತೂಹಲದಿಂದ ಕೇಳಿದ: “ಆಕಳ ಅದಾವಂದ್ರ ನಾ ಬರ್ತೇನ್ರಿ ಮಾಸ್ತರ. ಯಾವ ತಳಿ? ದಿನಕ್ಕ ಎಷ್ಟು ಲೀಟರ್ ಕೊಡತಾವಂತ?”

ಕಾಕಾ ನೋಟುಬುಕ್ಕು ತಿರುವಿದರು. ಆ ಶಾಟಿನ ಬಗ್ಗೆ ನಾಲ್ಕು ಪುಟ ಟಿಪ್ಪಣಿ ಇತ್ತು, ಇದೊಂದು ಇರಲಿಲ್ಲ.