ಹನ್ನೊಂದನೆಯ ತರಗತಿಯ ವಿಷಯಗಳು: ಬಳಕೆದಾರರ ಕೈಪಿಡಿ (ಗೋವಾ ಆವೃತ್ತಿ)

ಈ ಕೈಪಿಡಿ ಹತ್ತನೆಯ ತರಗತಿಯ ಫಲಿತಾಂಶ ಬಂದ ಮನೆಗಳಿಗೆ ಮಾತ್ರ. ಈಗ ನೀವು ಬೈನಾ, ಜುವಾರಿನಗರ, ಮಡಗಾಂವ, ಮಾಪುಸಾ ಎಲ್ಲೇ ಇರಿ, ಹಿಂದೆ ಬಾದಾಮಿ, ಮುದ್ದೇಬಿಹಾಳ, ರೋಣ, ಸವದತ್ತಿ ಎಲ್ಲಿಂದಲೇ ಬಂದಿರಿ, ಸೂಚನೆಗಳು ಒಂದೇ. ಫಾರ್ಮ್ ತುಂಬುವ ಮುನ್ನ ಪೂರ್ತಿ ಓದಿ. ಈಗಾಗಲೇ ತುಂಬಿ ಕೊಟ್ಟು ಬಂದವರು ನೇರವಾಗಿ ‘ದುರಸ್ತಿ’ ಎಂಬ ಭಾಗಕ್ಕೆ ಹೋಗಬಹುದು.

ಪೆಟ್ಟಿಗೆಯಲ್ಲಿ ಏನೇನಿದೆ

ಅಂಕಪಟ್ಟಿ ಒಂದು. ಹೈಯರ್ ಸೆಕೆಂಡರಿಯ ಪ್ರವೇಶ ಫಾರ್ಮ್ ಒಂದು. ಹದಿನಾರು ವರ್ಷದ ಮಗ ಅಥವಾ ಮಗಳು. ಇವರಿಗೆ ಮಾತಾಡುವ ಸೌಲಭ್ಯವಿದೆ, ಆದರೆ ಹೆಚ್ಚಿನ ಮನೆಗಳಲ್ಲಿ ಅದನ್ನು ಬಂದ್ ಮಾಡಿಯೇ ಇಟ್ಟಿರುತ್ತಾರೆ. ಹುಬ್ಬಳ್ಳಿಯ ಸೋದರಮಾವ ಒಬ್ಬರು. ಇವರು ಪೆಟ್ಟಿಗೆಯಲ್ಲಿ ಕಾಣದಿದ್ದರೆ ಗಾಬರಿ ಬೇಡ, ಸಂಜೆಯೊಳಗೆ ಫೋನ್ ಬರುತ್ತದೆ.

“ತಂಗೆವ್ವಾ, ಪಿಸಿಎಂಬಿ ತಗೊಳ್ಳಾಕ ಹೇಳು ಹುಡುಗಗ. ನಾಕೂ ಕೈಯಾಗ ಇದ್ರ ಎಲ್ಲಾ ಬಾಗಿಲಾ ತೆರದಿರ್ತಾವ.”

“ಹೂಂ ಅಣ್ಣಾ.”

ಇಷ್ಟರಲ್ಲಿ ಒಂದು ಭವಿಷ್ಯದ ತೀರ್ಮಾನವಾಗಿರುತ್ತದೆ. ಹುಡುಗ ಆಗ ಅಂಗಡಿಗೆ ಹಾಲು ತರಲು ಹೋಗಿರುತ್ತಾನೆ.

ಜೋಡಣೆ

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಹೊತ್ತವನಿಗೆ ಕಾಗದದ ಮೇಲೆ ಎಲ್ಲ ಬಾಗಿಲೂ ತೆರೆದಿರುವುದು ನಿಜ. ನೀಟ್‌ಗೆ ಜೀವಶಾಸ್ತ್ರ ಬೇಕು, ಜೆಇಇಗೆ ಗಣಿತ ಬೇಕು, ಎರಡೂ ಇದ್ದರೆ ಎರಡನ್ನೂ ಬರೆಯಬಹುದು. ಆದರೆ ವಾರಕ್ಕಿರುವುದು ಒಂದೇ ಭಾನುವಾರ, ಮತ್ತು ಎರಡು ಕೋಚಿಂಗ್‌ಗಳ ಫೀಸು ಒಂದೇ ಅಪ್ಪನ ಜೇಬಿನಿಂದ ಹೋಗಬೇಕು. ವೈದ್ಯಕೀಯವೋ ಎಂಜಿನಿಯರಿಂಗೋ ಎಂದು ಹುಡುಗಿ ನಿಜಕ್ಕೂ ತೂಗಾಡುತ್ತಿದ್ದರೆ ನಾಲ್ಕನ್ನೂ ತೆಗೆದುಕೊಳ್ಳಲಿ. ತೂಗಾಡುತ್ತಿರುವುದು ಸೋದರಮಾವ ಮಾತ್ರವಾಗಿದ್ದರೆ ಬೇಡ.

ಹಾಗಾದರೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ‘ಈ ವಿಷಯ ತೆಗೆದುಕೊಂಡರೆ ಏನಾಗಬಹುದು’ ಎಂದು ಎಲ್ಲರೂ ಕೇಳುತ್ತಾರೆ. ಈ ಕೈಪಿಡಿಯ ತಯಾರಕರು ಬೇರೆ ಪ್ರಶ್ನೆಯನ್ನು ಶಿಫಾರಸು ಮಾಡುತ್ತಾರೆ: ಇದನ್ನು ಈಗ ಬಿಟ್ಟರೆ ಮುಂದೆ ಬೇಕೆನಿಸಿದಾಗ ಮತ್ತೆ ಹಿಡಿಯಲು ಆಗುತ್ತದೆಯೇ?

ಇತಿಹಾಸ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಲೆಕ್ಕಪತ್ರ ಇವೆಲ್ಲವನ್ನೂ ಪದವಿಯ ಮೊದಲ ದಿನ ಹೊಸದಾಗಿ ಆರಂಭಿಸಿದವರು ಬೇಕಾದಷ್ಟು ಮಂದಿ ಇದ್ದಾರೆ. ಸಿಎ ಫೌಂಡೇಶನ್ ಪರೀಕ್ಷೆಗೆ ಕಾಮರ್ಸ್ ಓದಿರಲೇಬೇಕೆಂಬ ನಿಯಮವಿಲ್ಲ. ಐದು ವರ್ಷದ ಕಾನೂನು ಪದವಿಗೆ ಯಾವ ಶಾಖೆಯಿಂದಲೂ ಹೋಗಬಹುದು. ಮೀರಾಮಾರ್‌ನ ಸಾಳಗಾಂವಕರ್ ಕಾನೂನು ಕಾಲೇಜಿಗೆ ರಸಾಯನಶಾಸ್ತ್ರ ಓದಿದವರೂ ಬರುತ್ತಾರೆ, ರಾಜ್ಯಶಾಸ್ತ್ರ ಓದಿದವರೂ ಬರುತ್ತಾರೆ. ಪರ್ವರಿಯ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯ ಪದವಿಗೂ ಶಾಖೆಯ ಹಂಗಿಲ್ಲ, ಇಂಗ್ಲಿಷ್ ಓದಿದ್ದರಾಯಿತು. ಗಣಿತ, ಭೌತಶಾಸ್ತ್ರಗಳು ಮಾತ್ರ ಹೀಗಲ್ಲ. ಪಣಜಿಯ 18 ಜೂನ್ ರಸ್ತೆಯ ಹಾಗೆ ಇಲ್ಲಿ ಸಂಚಾರ ಒಂದೇ ದಿಕ್ಕಿನದು: ವಿಜ್ಞಾನದಿಂದ ಇತ್ತ ಇಳಿದು ಬರಬಹುದು, ಇತ್ತಣಿಂದ ಅತ್ತ ಹೋಗಬೇಕೆಂದರೆ ಊರೆಲ್ಲ ಸುತ್ತಬೇಕು.

ಗಣಿತವನ್ನು ಯಾರು ಯಾರು ಕೇಳುತ್ತಾರೆ ಎಂದು ನೋಡಿ. ಜುವಾರಿನಗರದಲ್ಲಿ ನಮ್ಮವರ ಸಾಲುಮನೆಗಳ ಪಕ್ಕದಲ್ಲೇ 2004ರಲ್ಲಿ ಬಿಟ್ಸ್ ಪಿಲಾನಿಯ ಕ್ಯಾಂಪಸ್ ಶುರುವಾಯಿತು. ಅದರ ಗೋಡೆ ಕಟ್ಟಲು, ಮೆಸ್ಸಿಗೆ ತರಕಾರಿ ಹೊರಲು ಯಾವ ವಿಷಯವೂ ಬೇಕಿಲ್ಲ. ಎಂಜಿನಿಯರಿಂಗ್ ಓದಲು ಒಳಗೆ ಹೋಗಬೇಕೆಂದರೆ ಪ್ರವೇಶ ಪರೀಕ್ಷೆಯ ಜೊತೆಗೆ ಹನ್ನೆರಡನೆಯ ತರಗತಿಯ ಭೌತ, ರಸಾಯನ, ಗಣಿತ ಮೂರೂ ಸೇರಿ 75 ಪ್ರತಿಶತ, ಪ್ರತಿಯೊಂದರಲ್ಲೂ ಕನಿಷ್ಠ 60 ಇರಬೇಕು. ವಾಸ್ಕೋದ ಮಕ್ಕಳು ಹುಟ್ಟಿದಾಗಿನಿಂದ ಮುರಗಾಂವ ಬಂದರಿನ ಹಡಗು ನೋಡುತ್ತಾರೆ. ಹಡಗಿನ ಕೆಲಸಕ್ಕೆ ಹೋಗುವ ತಾರ್ವಟಿಗಳ ಮನೆ ಗೋವಾದ ಪ್ರತಿ ಊರಲ್ಲೂ ಇದೆ. ಆದರೆ ಮರ್ಚೆಂಟ್ ನೇವಿಯಲ್ಲಿ ಡೆಕ್ ಅಧಿಕಾರಿಯಾಗಲು ಅದೇ ಮೂರು ವಿಷಯಗಳಲ್ಲಿ 60 ಪ್ರತಿಶತ ಬೇಕು, ಹತ್ತು ಅಥವಾ ಹನ್ನೆರಡರಲ್ಲಿ ಇಂಗ್ಲಿಷಿಗೆ 50 ಬೇಕು, ಬಣ್ಣಗುರುಡು ಇರಕೂಡದು. ಎನ್‌ಡಿಎಯ ಭೂಸೇನೆಗೆ ಯಾವ ಶಾಖೆಯಾದರೂ ನಡೆಯುತ್ತದೆ, ವಾಯುಸೇನೆ ಮತ್ತು ನೌಕಾಸೇನೆಗೆ ನಡೆಯುವುದಿಲ್ಲ. ವಾಸ್ತುಶಿಲ್ಪಕ್ಕೆ ಗಣಿತ. ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಸ್ಟ್ಯಾಟ್‌ಗೆ ಗಣಿತ. ದಿಲ್ಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೂ ಗಣಿತ! ಅರ್ಥಶಾಸ್ತ್ರವೆಂದರೆ ಆರ್ಟ್ಸ್, ಆರ್ಟ್ಸ್ ಎಂದರೆ ಲೆಕ್ಕವಿಲ್ಲ ಎಂದು ನಂಬಿದವರು ಈ ಸಾಲನ್ನು ಎರಡು ಸಲ ಓದಿ.

ಅದಕ್ಕೇ ಈ ಮಾತು ಮುಖ್ಯವಾಗಿ ಕಾಮರ್ಸ್ ತೆಗೆದುಕೊಳ್ಳುವವರಿಗೆ. ಲೆಕ್ಕಪತ್ರ, ಬಿಸಿನೆಸ್ ಸ್ಟಡೀಸ್, ಅರ್ಥಶಾಸ್ತ್ರದ ಜೊತೆ ಇನ್ನೊಂದು ವಿಷಯ ಆರಿಸುವಾಗ ಕಣ್ಣು ಕೋ-ಆಪರೇಶನ್, ಸೆಕ್ರೆಟೇರಿಯಲ್ ಪ್ರಾಕ್ಟೀಸ್‌ಗಳ ಕಡೆಗೆ ತಾನಾಗಿಯೇ ಓಡುತ್ತದೆ. “ಅದು ಸರಳ ಐತಿ, ಮಾರ್ಕ್ಸ್ ಬೀಳ್ತಾವ” ಎನ್ನುವ ಅಕ್ಕ ಪ್ರತಿ ಓಣಿಯಲ್ಲೂ ಒಬ್ಬಳಿರುತ್ತಾಳೆ. ಅಂಕ ಬೀಳುವುದು ನಿಜವಿರಬಹುದು. ಆದರೂ ನಿಮ್ಮ ಶಾಲೆಯಲ್ಲಿ ಗಣಿತ ಅಥವಾ ಸಂಖ್ಯಾಶಾಸ್ತ್ರ ಸಿಗುವುದಾದರೆ ಅದನ್ನೇ ಹಿಡಿಯಿರಿ. ಸಿಬಿಎಸ್‌ಇ ಶಾಲೆಯವರಿಗೆ ಈ ಕವಲು ಇನ್ನೂ ಮೊದಲೇ ಬರುತ್ತದೆ: 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಯ ಗಣಿತ ಸ್ಟ್ಯಾಂಡರ್ಡ್, ಬೇಸಿಕ್ ಎಂದು ಎರಡಾಗಿದೆ. ಬೇಸಿಕ್‌ಗೆ ಗುರುತು ಹಾಕುವಾಗ ಹುಡುಗನ ವಯಸ್ಸು ಹದಿನೈದು, ಅವನ ಲಕ್ಷ್ಯ ಪೂರ್ತಿ ಫುಟ್‌ಬಾಲಿನ ಮೇಲೆ.

ಇಷ್ಟು ಹೇಳಿದ್ದಕ್ಕೆ ಎಲ್ಲರನ್ನೂ ಗಣಿತಕ್ಕೆ ನೂಕಿ ಎಂದು ಅರ್ಥವಲ್ಲ. ಎರಡು ವರ್ಷ ಅಳುತ್ತ ಓದಿ, ಕೊನೆಗೆ ಮೂವತ್ತೈದಕ್ಕೆ ತಡವರಿಸಿದ ಗಣಿತದಿಂದ ಮೇಲಿನ ಒಂದು ಬಾಗಿಲೂ ತೆರೆಯುವುದಿಲ್ಲ. ಚೆನ್ನಾಗಿ ಓದಿದ ಸಮಾಜಶಾಸ್ತ್ರ ತನ್ನ ಪಾಲಿನ ಬಾಗಿಲುಗಳನ್ನಾದರೂ ತೆರೆಯುತ್ತದೆ. ಬಾಯಿಯ ಸ್ವಿಚ್ ಹಾಕಿ ಮಗುವನ್ನು ಒಮ್ಮೆ ಕೇಳುವುದು ಈ ಹಂತದಲ್ಲಿ.

ಎಚ್ಚರಿಕೆ

ಉಪಕರಣವನ್ನು ಮಾರುಕಟ್ಟೆಯ ಸುದ್ದಿಯಿಂದ ದೂರವಿಡಿ. ಗಣಿ ಭರಾಟೆಯ ದಿನಗಳಲ್ಲಿ ಓದು ಬಿಟ್ಟು ಸಾಲ ಮಾಡಿ ಟ್ರಕ್ ಕೊಳ್ಳುವುದೇ ಜಾಣತನವೆಂದು ಗೋವಾದಲ್ಲಿ ಎಷ್ಟೋ ಮಂದಿ ತಿಳಿದಿದ್ದರು. 2012ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿತು. ಮತ್ತೆ ಶುರುವಾದದ್ದು 2018ರಲ್ಲಿ ಇನ್ನೊಮ್ಮೆ ನಿಂತಿತು. ಆದರೆ ಗಣಿ ನಿಂತಿತೆಂದು ಭೂವಿಜ್ಞಾನ ಕೆಲಸಕ್ಕೆ ಬಾರದ ವಿಷಯವಾಗಲಿಲ್ಲ. ಅಂತರ್ಜಲಕ್ಕೂ ಗುಡ್ಡ ಕುಸಿತಕ್ಕೂ ಭೂವಿಜ್ಞಾನಿಯೇ ಬೇಕು.

ಪತ್ರಿಕೆಯ ತಲೆಬರಹ ನೋಡಿ ಫಾರ್ಮ್ ತುಂಬಬೇಡಿ. ‘ಎಂಜಿನಿಯರಿಂಗಿಗೆ ಇನ್ನು ಗಣಿತ ಕಡ್ಡಾಯವಲ್ಲ’ ಎಂದು 2021ರಲ್ಲಿ ದೊಡ್ಡ ಅಕ್ಷರದಲ್ಲಿ ಬಂತು. ಎಐಸಿಟಿಇ ಹದಿನಾಲ್ಕು ವಿಷಯಗಳ ಪಟ್ಟಿ ಕೊಟ್ಟು ಯಾವುದಾದರೂ ಮೂರು ಸಾಕು ಎಂದದ್ದು ನಿಜ, ಅದನ್ನು ಪಾಲಿಸುವುದು ರಾಜ್ಯಗಳ, ವಿಶ್ವವಿದ್ಯಾಲಯಗಳ ಇಷ್ಟಕ್ಕೆ ಬಿಟ್ಟದ್ದೂ ನಿಜ. ಎರಡನೆಯ ನಿಜ ಸಣ್ಣ ಅಕ್ಷರದಲ್ಲಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆ, ವಿಜ್ಞಾನಗಳ ನಡುವೆ ಗಟ್ಟಿ ಗೋಡೆ ಬೇಡವೆಂದಿದೆ. ನೀತಿಯಲ್ಲಿ ಗೋಡೆ ಬಿದ್ದಿದೆ. ಶಾಲೆಯ ವೇಳಾಪಟ್ಟಿಯಲ್ಲಿ ಭೌತಶಾಸ್ತ್ರವೂ ಇತಿಹಾಸವೂ ಒಂದೇ ಪೀರಿಯಡ್‌ಗೆ ಬಂದರೆ ಯಾವ ನೀತಿಯೂ ಒದಗುವುದಿಲ್ಲ. ವೇಳಾಪಟ್ಟಿ ಕೇಳಿ ನೋಡಿ.

ದುರಸ್ತಿ

ತಪ್ಪು ಗುಂಡಿ ಒತ್ತಿದವರಿಗೆ: ಮೊದಲ ಕೆಲವು ವಾರಗಳಲ್ಲಾದರೆ ಪ್ರಾಂಶುಪಾಲರ ಬಾಗಿಲು ತಟ್ಟಿ, ಬದಲಾಯಿಸಲು ಸಾಧ್ಯವೇ ಎಂದು ಕೇಳಿ. ಕಾಲ ಮಿಂಚಿದ್ದರೆ 1989ರಿಂದ ನಡೆಯುತ್ತಿರುವ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಆರ್ಟ್ಸ್ ಅಥವಾ ಕಾಮರ್ಸ್ ಓದಿ ಆಮೇಲೆ ವಿಮಾನ ಹಾರಿಸುವ ಆಸೆ ಹುಟ್ಟಿದವರು ವರ್ಷಗಳಿಂದ ಅಲ್ಲಿಯೇ ಭೌತಶಾಸ್ತ್ರ, ಗಣಿತ ಮುಗಿಸಿಕೊಂಡು ಬಂದಿದ್ದಾರೆ. ಜೀವಶಾಸ್ತ್ರ ಬಿಟ್ಟು ಮರುಗಿದವರಿಗೂ 2023ರ ನವೆಂಬರಿನಿಂದ ದಾರಿಯಿದೆ: ಹನ್ನೆರಡನೆಯ ತರಗತಿ ಮುಗಿದ ಮೇಲೆ ಮಾನ್ಯತೆ ಪಡೆದ ಮಂಡಳಿಯಿಂದ ಅದನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಹೇಳಿದೆ. ದುರಸ್ತಿಗೆ ಒಂದು ವರ್ಷವಂತೂ ಹಿಡಿಯುತ್ತದೆ. ಆ ವರ್ಷದ ಉದ್ದಕ್ಕೂ ನೆರೆಮನೆಯವರು “ಏನ್ ಮಾಡಾಕತ್ತಾನ್ರೀ ನಿಮ್ಮ ಮಗಾ?” ಎಂದು ಕೇಳುತ್ತಾರೆ. ಅದಕ್ಕೆ ದುರಸ್ತಿ ಇಲ್ಲ.

ಫಾರ್ಮಿನಲ್ಲಿ ಕಾಣದ ವಿಷಯ

ಇದು ಗೋವಾ ಆವೃತ್ತಿಯಲ್ಲಿ ಮಾತ್ರ ಲಭ್ಯ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತೆಯ ಕಲಮುಗಳಿವೆ. ಆ ದಾರಿಯಲ್ಲಿ ಬರುವವರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸಿಇಟಿಯ ಆಸುಪಾಸಿನಲ್ಲಿ ಒಂದು ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಷರತ್ತುಗಳು ನಿಮಗೆ ಹೊಂದುತ್ತವೆಯೇ ಎಂಬುದನ್ನು ಆಯಾ ವರ್ಷದ ಕೈಪಿಡಿಯಲ್ಲೇ ನೋಡಿಕೊಳ್ಳಿ, ಸೋದರಮಾವನನ್ನು ಕೇಳಬೇಡಿ. ಶಾಲೆಯಲ್ಲಿ ಇಂಗ್ಲಿಷ್, ಓಣಿಯಲ್ಲಿ ಕೊಂಕಣಿ ಹಿಂದಿ, ಮನೆಯಲ್ಲಿ ಅವ್ವನ ಕನ್ನಡ ಎಂದು ಬೆಳೆದ ಹುಡುಗ ಈ ಪರೀಕ್ಷೆಯಲ್ಲಿ ಎಡವುವುದು ಮಾತಿನಲ್ಲಲ್ಲ. ಮಾತು ಅವನಿಗೆ ಬೈಗುಳದ ಸಮೇತ ಬರುತ್ತದೆ. ಕೈ ನಡುಗುವುದು ಒತ್ತಕ್ಷರ ಬರೆಯುವಾಗ. ಟ್ಯೂಷನ್ ಬೇಕಿಲ್ಲ. ವಾರದ ಕಿರಾಣಿ ಚೀಟಿಯನ್ನು ಅವನ ಕೈಯಿಂದಲೇ ಕನ್ನಡದಲ್ಲಿ ಬರೆಸಿ ಅಂಗಡಿಗೆ ಕಳಿಸಿ. ಜುವಾರಿನಗರದ ಅಂಗಡಿಯವರು ಗದಗಿನವರಾಗಿದ್ದರೆ, ‘ಸಕ್ಕರೆ’ಯ ಒತ್ತು ತಪ್ಪಿದ ಕೂಡಲೇ ಗಿರಾಕಿಗಳೆಲ್ಲರ ಎದುರಿಗೇ ತಿದ್ದುತ್ತಾರೆ.