ಬ್ಲೂಸಾಭ್ಯಾಸ ಮೀಮಾಂಸೆ, ಅಥವಾ ಸ್ಮಶಾನವಾದದ ಸಮರ್ಥನೆ

ಬ್ಲೂಸ್ ಗಿಟಾರ್ ಹೊಸಬನ ಕೈಹತ್ತುವುದು ಹೇಗೆ ಎಂಬಲ್ಲಿ ಎರಡು ಮತಗಳಿವೆ: ಸೈತಾನವಾದ, ಸ್ಮಶಾನವಾದ.

ಮೊದಲನೆಯದು ಪೂರ್ವಪಕ್ಷ. ಮಿಸಿಸಿಪ್ಪಿಯಲ್ಲಿ ನಾಲ್ಕು ದಾರಿ ಕೂಡುವಲ್ಲಿ ನಡುರಾತ್ರಿ ನಿಂತರೆ ಸೈತಾನ ಬಂದು ಗಿಟಾರನ್ನು ಶ್ರುತಿ ಮಾಡಿಕೊಡುತ್ತಾನೆ; ಫೀಸು ಆತ್ಮ. ಇದಕ್ಕೆ ಪ್ರಮಾಣ ಬ್ಲೂಸ್ ವಾದಕ ರಾಬರ್ಟ್ ಜಾನ್ಸನ್. ಅವನು ಗಿಟಾರ್ ಮುಟ್ಟಿದರೆ ಜನ ರೇಗುತ್ತಿದ್ದರೆಂದು ಹಿರಿಯ ವಾದಕ ಸನ್ ಹೌಸ್ ಹೇಳಿದ್ದುಂಟು. ಊರು ಬಿಟ್ಟವನು ಮರಳಿ ಬಂದು ಅದೇ ಸನ್ ಹೌಸ್ ಬೆರಗಾಗುವಂತೆ ನುಡಿಸಿದ. 1936–37ರಲ್ಲಿ 29 ಹಾಡು ಧ್ವನಿಮುದ್ರಿಸಿ 1938ರಲ್ಲಿ ತೀರಿಕೊಂಡ, 27ರ ಪ್ರಾಯದಲ್ಲಿ. ಬಾಕಿ ವಸೂಲಾಯಿತು ನೋಡಿ, ಎನ್ನುತ್ತಾರೆ ಸೈತಾನವಾದಿಗಳು.

ಇದು ಸಲ್ಲದು. ಇದೇ ಕಥೆ ಟಾಮಿ ಜಾನ್ಸನ್ ಎಂಬ ಬೇರೊಬ್ಬನ ಹೆಸರಲ್ಲೂ ಇದೆ. ಹೆಸರು ತಾಳೆಯಾಗದ ಪತ್ರವನ್ನು ಯಾವ ಸಬ್‌ರಿಜಿಸ್ಟ್ರಾರೂ ಒಪ್ಪುವುದಿಲ್ಲ. ರಾಬರ್ಟ್ ಹೋಗಿದ್ದು ಹೇಜಲ್‌ಹರ್ಸ್ಟ್ ಕಡೆಗೆ, ಐಕ್ ಜಿಮರ್‌ಮನ್ ಎಂಬ ಮೇಷ್ಟ್ರ ಹತ್ತಿರ. ಗುರುಶಿಷ್ಯರು ರಾತ್ರಿ ಸ್ಮಶಾನದಲ್ಲಿ ಕೂತು ಸಾಧನೆ ಮಾಡುತ್ತಿದ್ದರು. ಆದ್ದರಿಂದ ಸಿದ್ಧಾಂತ: ಹೊಸಬನಿಗೆ ಅಗತ್ಯವಾದದ್ದು ಎದ್ದು ಹೋಗದ, ಗೋಡೆ ಗುದ್ದದ ಶ್ರೋತೃವರ್ಗ.

ಏಕೆಂದರೆ, ಬ್ಲೂಸ್‌ನ ಹನ್ನೆರಡು ಬಾರ್‌ಗಳ ಆವರ್ತವನ್ನೇ ನೋಡಿ. ನಾಲ್ಕು ಬಾರ್ ಇ ಕಾರ್ಡ್, ಎರಡು ಎ, ಮತ್ತೆ ಎರಡು ಇ. ಇಷ್ಟರವರೆಗೆ ಸಾಧಕ ತಲೆಯಾಡಿಸುತ್ತಲೇ ಬರುತ್ತಾನೆ. ಒಂಬತ್ತನೆಯದು ಬಿ ಸೆವೆನ್. ತೋರುಬೆರಳು ಮೊದಲ ಫ್ರೆಟ್ಟಿನ ಮನೆಗೆ, ಉಳಿದ ಮೂರೂ ಎರಡನೆಯ ಮನೆಯಲ್ಲಿ ಬೇರೆ ಬೇರೆ ತಂತಿಗೆ, ನಡುವೆ ಒಂದು ತಂತಿಯನ್ನು ಯಾರೂ ಮುಟ್ಟಕೂಡದು. ಕಿರುಬೆರಳು ತಾನು ಈ ಕೈಗೆ ಸೇರಿದ್ದೇ ಅಲ್ಲವೆಂಬಂತೆ ಮೇಲೆದ್ದು ನಿಲ್ಲುತ್ತದೆ. ಅದು ಇಳಿಯುವವರೆಗೆ ತಾಳ ಕಾಯಬೇಕು. ಬ್ಲೂಸ್ ದಿಗ್ಗಜರಾದ ಲೈಟ್ನಿನ್ ಹಾಪ್ಕಿನ್ಸ್, ಜಾನ್ ಲೀ ಹೂಕರ್ ಕೂಡ ಮನಸ್ಸು ಬಂದಾಗಲೇ ಕಾರ್ಡ್ ಬದಲಿಸುತ್ತಿದ್ದರಲ್ಲ ಎಂಬ ಆಕ್ಷೇಪ ಬರುತ್ತದೆ. ಅವರಿಗೆ ಮನಸ್ಸು ಬರಬೇಕಿತ್ತು, ಇವನಿಗೆ ಬೆರಳು ಬರಬೇಕು, ದೃಷ್ಟಾಂತ ಹೊಂದುವುದಿಲ್ಲ.

ತಂತಿ ಎಳೆಯುವ ಪ್ರಕರಣ ಇನ್ನೂ ಜಟಿಲ. ಉಂಗುರ ಬೆರಳಿನಿಂದ ಮೇಲಕ್ಕೆ ತಳ್ಳಿ, ಹಿಂದಿನೆರಡು ಬೆರಳು ಆಸರೆ ಕೊಟ್ಟು, ಮುಂದಿನ ಸ್ವರ ಮುಟ್ಟಬೇಕು. ಹೊಸಬ ಅರ್ಧದಾರಿಯಲ್ಲಿ ನಿಂತು ಅದೇ ಬ್ಲೂ ನೋಟ್ ಎಂದು ಸಾಧಿಸುತ್ತಾನೆ. ಬ್ಲೂಸ್‌ನ ಗಾಂಧಾರ ನಿಜಕ್ಕೂ ಎರಡು ಗಾಂಧಾರಗಳ ನಡುವೆ ತೂಗಾಡುವುದರಿಂದ ಇದನ್ನು ಖಂಡಿಸುವುದು ಕಷ್ಟ. ಆದರೆ ಬ್ಲೂಸ್‌ಗೆ ಆಧಾರವಾದ ಐದು ಸ್ವರಗಳು ನಮ್ಮ ಶುದ್ಧ ಧನ್ಯಾಸಿ ರಾಗದವೇ. ಮನೆಯಲ್ಲಿ ಸಂಗೀತ ಬಲ್ಲ ಅತ್ತೆಯಿದ್ದರೆ ಅಡುಗೆಮನೆಯಿಂದಲೇ ಖಂಡನೆ ಬರುತ್ತದೆ. ಸ್ಮಶಾನದಲ್ಲಿ ಅತ್ತೆಯಂದಿರು ಮಾತಾಡುವುದಿಲ್ಲ.

ಸ್ಮಶಾನಕ್ಕೆ ಹೋಗಲೊಲ್ಲದ ಮಡಿವಂತರಿಗೆ ಅನುಕಲ್ಪವೊಂದಿದೆ. 1903ರ ಸುಮಾರಿಗೆ ಮಿಸಿಸಿಪ್ಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ, ತಡವಾದ ರೈಲಿಗೆ ಕಾದು ನಿದ್ದೆಹೋಗಿದ್ದ ಸಂಗೀತಗಾರ ಡಬ್ಲ್ಯೂ.ಸಿ. ಹ್ಯಾಂಡಿಯ ಪಕ್ಕದಲ್ಲಿ ಒಬ್ಬ ತಂತಿಯ ಮೇಲೆ ಚಾಕು ಒತ್ತಿ ಗಿಟಾರ್ ನುಡಿಸತೊಡಗಿದ. ಹ್ಯಾಂಡಿಗೆ ಎಚ್ಚರವಾಯಿತು, ಆದರೆ ಎದ್ದು ಹೋಗುವುದಾದರೂ ಎಲ್ಲಿಗೆ? ಆದ್ದರಿಂದ ರೈಲು ತಡವಾಗುವ ಪ್ಲಾಟ್‌ಫಾರಂ ಕೂಡ ಶಾಸ್ತ್ರಸಮ್ಮತ. ಚಾಕುವಿನ ಬದಲು ಒಡೆದ ಬಾಟಲಿಯ ಕತ್ತೂ ನಡೆಯುತ್ತದೆ. ಅದು ಚೀಲದಲ್ಲಿ ಏಕಿದೆಯೆಂದು ರೈಲ್ವೆ ಪೊಲೀಸರಿಗೆ ವಿವರಿಸುವ ಹೊಣೆ ಸಾಧಕನದು.