ಹಿಮನದಿಯೆದುರು ವಾಟರ್ ಟ್ಯಾಂಕರ್

ಕ್ರೂಸ್ ಹಡಗು ಹತ್ತಿದವರನ್ನು ಹಸಿಯಲು ಬಿಡುವುದಿಲ್ಲ. ಬೆಳಗ್ಗೆ ತೆರೆದ ಬಫೆ ನಡುರಾತ್ರಿಯಾದರೂ ಬಾಗಿಲು ಹಾಕುವುದಿಲ್ಲ. ಹಾಸಿಗೆಯನ್ನು ದಿನಕ್ಕೆರಡು ಸಲ ಸರಿಪಡಿಸುತ್ತಾರೆ, ಟವೆಲನ್ನು ಸುತ್ತಿ ಆನೆಯನ್ನೋ ಮಂಗವನ್ನೋ ಮಾಡಿ ದಿಂಬಿನ ಪಕ್ಕ ಕೂರಿಸಿ ಹೋಗುತ್ತಾರೆ. ಸಂಜೆಯಾದರೆ ಹಾಡು, ಕುಣಿತ, ಜಾದೂ. ಇದೆಲ್ಲಕ್ಕೂ ಟಿಕೆಟ್ಟಿನಲ್ಲೇ ದುಡ್ಡು ಸೇರಿರುತ್ತದೆ. ‘ಎಲ್ಲವನ್ನೂ ಬಿಟ್ಟು ಹಾಯಾಗಿ ಬನ್ನಿ’ ಎಂದು ಕರೆದವರು, ಬಿಟ್ಟು ಬಂದದ್ದನ್ನು ಒಮ್ಮೆ ಇಣುಕಿ ನೋಡಬೇಕೆಂದರೆ ಮಾತ್ರ ‘ಕೌಂಟರಿಗೆ ಬನ್ನಿ’ ಅನ್ನುತ್ತಾರೆ.

ನಮ್ಮ ಮಗಳಿರುವುದು ಸಿಯಾಟಲ್‌ನಲ್ಲಿ. ಬೇಸಿಗೆಗೆ ಬಂದ ಅಪ್ಪ ಅಮ್ಮನನ್ನು ಅಲಾಸ್ಕಾ ಕ್ರೂಸಿಗೆ ಹತ್ತಿಸುವುದು ಆ ಕಡೆಯ ನಮ್ಮ ಮಕ್ಕಳಲ್ಲಿ ಈಗೊಂದು ಶಾಸ್ತ್ರ. ಕಾಶಿಯಾತ್ರೆ ಮಾಡಿಸಿದ ಪುಣ್ಯವನ್ನೂ ಅದರಲ್ಲೇ ಜಮಾ ಮಾಡಿಕೊಳ್ಳುತ್ತಾರೆ. ವಿಷಯ ತಿಳಿಸಿದಾಗ ನಮ್ಮವರು ಕೇಳಿದ್ದು ಒಂದೇ ಪ್ರಶ್ನೆ: ‘ಹಡಗಿನಲ್ಲಿ ನೆಟ್ ಇದೆಯಾ?’ ಇವರು ಬನಶಂಕರಿಯ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಕಾರ್ಯದರ್ಶಿ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮೈಮೇಲೆ ಹಾಕಿಕೊಂಡ ಈ ಕೆಲಸಕ್ಕೆ ಸಂಬಳವೂ ಇಲ್ಲ, ರಜೆಯೂ ಇಲ್ಲ. ಲಿಫ್ಟು ನಿಂತರೆ, ಜನರೇಟರಿಗೆ ಡೀಸೆಲ್ ತೀರಿದರೆ, ಮೂರನೇ ಮಹಡಿಯ ನಾಯಿ ಎರಡನೇ ಮಹಡಿಯ ತುಳಸಿ ಕುಂಡದ ಬಳಿ ಕಾಲೆತ್ತಿದರೆ, ವಾಟ್ಸಾಪ್ ಗುಂಪಿನಲ್ಲಿ ಮೊದಲು ಏಳುವುದು ಇವರ ಹೆಸರು.

‘ನೆಟ್ ಇದೆಯಪ್ಪಾ, ರೇಟು ನೋಡಿ ಆಮೇಲೆ ಹೇಳಿ’ ಎಂದಳು ಮಗಳು. ಒಂದು ಫೋನಿಗೆ, ಒಂದು ದಿನಕ್ಕೆ, 20 ಡಾಲರಿಗೂ ಮೇಲೆ. ರೂಪಾಯಿಗೆ ತಿರುಗಿಸಿದ ಇವರ ಮುಖದ ಬಣ್ಣವೇ ತಿರುಗಿತು. ಊರಿನಲ್ಲಿ ಸಾವಿರ ರೂಪಾಯಿಯೊಳಗೆ 84 ದಿನದ ರೀಚಾರ್ಜ್ ಮುಗಿಸುವವರು ಇವರು. ಅದರಲ್ಲೂ ಆ ದಿನದ ಡೇಟಾ ಮಿಕ್ಕಿ ಹಾಳಾಗುತ್ತದಲ್ಲ ಎಂದು ರಾತ್ರಿ ಹನ್ನೊಂದೂಮುಕ್ಕಾಲಿಗೆ ಎದ್ದು ಕೂತು, ಯಾವತ್ತೂ ನೋಡದ ಸಿನಿಮಾ ಡೌನ್‌ಲೋಡ್ ಮಾಡುವ ಜಾತಿ. ಹಡಗು ಹತ್ತುವ ಮುಂಚೆ ಕೊಂಡರೆ ಒಂದು ರೇಟು, ಹತ್ತಿದ ಮೇಲೆ ಅದಕ್ಕಿಂತ ಜಾಸ್ತಿ. ಬರೀ ಮೆಸೇಜಿಗೆ ಒಂದು ದರ್ಜೆ, ವಿಡಿಯೋ ಕಾಲ್ ಬೇಕೆಂದರೆ ಮೇಲಿನ ದರ್ಜೆ. ಚೌಕಾಶಿಗೆ ಜಾಗವಿಲ್ಲ. ಕೊನೆಗೆ ಒಂದೇ ಫೋನಿನ ಪ್ಯಾಕೇಜು ಕೊಂಡು ಇಬ್ಬರೂ ಹಂಚಿಕೊಳ್ಳುವುದೆಂದಾಯಿತು. ಒಬ್ಬರು ಲಾಗೌಟ್ ಆದರೆ ಇನ್ನೊಬ್ಬರು ಲಾಗಿನ್ ಆಗಬಹುದು. ವಠಾರದಲ್ಲಿ ನಾಲ್ಕು ಮನೆಗೊಂದು ಬಚ್ಚಲಿನ ಹಾಗೆ. ಆದರೆ ಬಚ್ಚಲಿಗೆ ಹೋದ ಮನುಷ್ಯ ಯಾವಾಗಲಾದರೂ ಹೊರಗೆ ಬರುತ್ತಾನೆ.

ಪ್ಯಾಕೇಜೇ ಬೇಡವೆಂದು ಸುಮ್ಮನಿರುವವರಿಗೂ ಹಡಗಿನಲ್ಲೊಂದು ಗುಂಡಿ ತೋಡಿಟ್ಟಿರುತ್ತಾರೆ. ನಡುಸಮುದ್ರದಲ್ಲಿ ಫೋನಿನ ಮೂಲೆಯಲ್ಲಿ ಸಿಗ್ನಲ್ಲಿನ ಕಡ್ಡಿಗಳು ಎದ್ದು ನಿಲ್ಲುತ್ತವೆ. ಅದು ಹಡಗಿನೊಳಗಿನದೇ ಟವರು. ದಂಡೆ ಹತ್ತಿರವಾದಾಗ ಆರಿಸುತ್ತಾರೆ, ದೂರವಾದ ಮೇಲೆ ಹಚ್ಚುತ್ತಾರೆ. ಜೇಬಿನಲ್ಲಿರುವ ಫೋನು ನಮ್ಮನ್ನೊಂದು ಮಾತೂ ಕೇಳದೆ ಅದಕ್ಕೆ ಅಂಟಿಕೊಂಡು ಫೋಟೋ ಬ್ಯಾಕಪ್ ಶುರುಮಾಡಿದರೆ, ಆ ರೋಮಿಂಗ್ ಬಿಲ್ಲು ಊರಿಗೆ ಬಂದ ಮೇಲೆ ಮಾತಾಡಿಸುತ್ತದೆ. ಅದಕ್ಕೇ ಬಂದರಿಗೆ ಬಿಡಲು ಬಂದ ಮಗಳು ಇಬ್ಬರ ಫೋನನ್ನೂ ಕಿತ್ತುಕೊಂಡು ಏರೋಪ್ಲೇನ್ ಮೋಡಿಗೆ ಹಾಕಿದಳು. ‘ಹಡಗಿನಲ್ಲಿ ಹೋಗುವವರಿಗೆ ಇದ್ಯಾಕೆ?’ ಎಂದರು ಇವರು. ‘ಬಿಲ್ಲು ನೋಡಿ ನೀವು ಹಾರಿಹೋಗಬಾರದು ಅಂತ’ ಎಂದಳು.

ರೇಟಿಗೆ ಕಾರಣ ಇಲ್ಲವೆಂದಲ್ಲ. ಓಡುವ ಹಡಗಿಗೆ ಕೇಬಲ್ ಕಟ್ಟಲಾಗುವುದಿಲ್ಲ. ಹಡಗಿನ ನೆತ್ತಿಯ ಮೇಲಿರುವ ಬಿಳಿ ಗುಮ್ಮಟಗಳೊಳಗೆ ಡಿಶ್ ಆಂಟೆನಾಗಳಿರುತ್ತವೆ. ಕೆಳಗೆ ಅಲೆ ಎಷ್ಟೇ ಹೊಯ್ದಾಡಿಸಲಿ, ಅವು ತಿರುಗಿ ತಿರುಗಿ ಉಪಗ್ರಹವನ್ನೇ ದಿಟ್ಟಿಸಬೇಕು. ಹಳೆಯ ಬಗೆಯ ಭೂಸ್ಥಿರ ಉಪಗ್ರಹವಿರುವುದು ಭೂಮಧ್ಯರೇಖೆಯ ನೆತ್ತಿಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನವರು ಕಾಯುವ ನಮ್ಮ ಇನ್ಸಾಟ್‌ಗಳದ್ದೂ ಅದೇ ಓಣಿ. ‘ಊಟ ಆಯ್ತಾ’ ಎಂಬ ಮಾತು ಅಲ್ಲಿಗೆ ಹತ್ತಿ ಇಳಿದು, ‘ಆಯ್ತು’ ಎಂಬುದು ಅದೇ ದಾರಿಯಲ್ಲಿ ಹಿಂತಿರುಗಲು ಬೆಳಕಿನ ವೇಗದಲ್ಲಿ ಹೋದರೂ ಅರ್ಧ ಸೆಕೆಂಡು ಹಿಡಿಯುತ್ತದೆ. ನಮ್ಮ ತಾರಸಿಯ ಟಿವಿ ಡಿಶ್ ಮುಖವೆತ್ತಿ ಆಕಾಶ ನೋಡುತ್ತದೆ. ಅಲಾಸ್ಕಾದಷ್ಟು ಉತ್ತರಕ್ಕೆ ಹೋದರೆ ಈ ಉಪಗ್ರಹಗಳು ದಿಗಂತದ ಕಡೆಗೆ ಜಾರಿರುತ್ತವೆ. ನಡುವೆ ಒಂದು ಬೆಟ್ಟ ಬಂದರೆ ನೆಟ್ ಹೋಯಿತು. ಆ ಕಡಲದಾರಿಯ ಎರಡೂ ಬದಿಗೆ ಬೆಟ್ಟವಲ್ಲದೆ ಮತ್ತೇನೂ ಇಲ್ಲ. 2022ರಿಂದ ಈಚೆಗೆ ದೊಡ್ಡ ಕಂಪನಿಗಳು ಸುಮಾರು 550 ಕಿ.ಮೀ. ಎತ್ತರದಲ್ಲೇ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳಿಗೆ ಬದಲಾಗಿವೆ. ನಮ್ಮ ಹಡಗಿಗೆ ಆ ಭಾಗ್ಯ ಬಂದಿರಲಿಲ್ಲ. ರೇಟು ಮಾತ್ರ ಬಂದಿತ್ತು.

ಹಡಗಿನಿಂದ ಮನೆಗೆ ಸುದ್ದಿ ಕಳಿಸುವುದು ಅಗ್ಗವಾಗಿದ್ದ ಕಾಲವೇ ಇದ್ದಂತಿಲ್ಲ. 1912ರಲ್ಲಿ ಟೈಟಾನಿಕ್ ಪ್ರಯಾಣಿಕರು ಮಾರ್ಕೋನಿ ಕಂಪನಿಯ ನಿಸ್ತಂತು ಯಂತ್ರದಿಂದ ಸಂದೇಶ ಕಳಿಸಲು ಮೊದಲ 10 ಪದಕ್ಕೆ ಹನ್ನೆರಡೂವರೆ ಶಿಲಿಂಗ್, ಮುಂದಿನ ಒಂದೊಂದು ಪದಕ್ಕೂ 9 ಪೆನ್ಸ್ ತೆರುತ್ತಿದ್ದರು. ಶ್ರೀಮಂತರಿಗೆ ಅದೊಂದು ಶೋಕಿ. ನಡುವೆ ಯಂತ್ರ ಕೆಟ್ಟು, ರಿಪೇರಿಯಾಗುವಷ್ಟರಲ್ಲಿ ಸಂದೇಶಗಳ ರಾಶಿ ಬಿದ್ದಿತ್ತು. ಏಪ್ರಿಲ್ 14ರ ರಾತ್ರಿ ಆಪರೇಟರ್ ಜ್ಯಾಕ್ ಫಿಲಿಪ್ಸ್ ಅದನ್ನು ಕರಗಿಸುತ್ತ ಕೂತಿದ್ದಾಗ, ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಆಪರೇಟರ್ ಸುತ್ತ ಮಂಜುಗಡ್ಡೆ ಇದೆಯೆಂದು ತಿಳಿಸಲು ಬಂದ. ಫಿಲಿಪ್ಸ್ ಅವನನ್ನು ಗದರಿಸಿ ಸುಮ್ಮನಾಗಿಸಿದ. ದುಡ್ಡು ಕೊಟ್ಟವರ ಕುಶಲೋಪರಿ ಸಾಲಿನಲ್ಲಿ ನಿಂತಿತ್ತು. ಮಂಜುಗಡ್ಡೆಯ ಸುದ್ದಿ ಪುಕ್ಕಟೆ ಬಂದಿತ್ತು.

ಆದರೂ ಪದಕ್ಕಿಷ್ಟು ಎಂಬ ಲೆಕ್ಕದಲ್ಲಿ ಒಂದು ಶಿಸ್ತಿತ್ತು. 2013ರ ಜುಲೈನಲ್ಲಿ ನಮ್ಮ ಟೆಲಿಗ್ರಾಂ ಮುಚ್ಚುವವರೆಗೂ, ಹತ್ತು ಪದಗಳಲ್ಲಿ ಹುಟ್ಟು, ಸಾವು, ವರ್ಗಾವಣೆ ಎಲ್ಲವನ್ನೂ ಮುಗಿಸುತ್ತಿದ್ದೆವು. ಮದುವೆಯ ಶುಭಾಶಯಕ್ಕಂತೂ ಪದವೂ ಬೇಡ, ಅದರ ನಂಬರು ಬರೆದರೆ ಸಾಕಿತ್ತು. ಕ್ರೂಸ್ ಹಡಗುಗಳಲ್ಲೂ ಮೊದಲು ನಿಮಿಷಕ್ಕಿಷ್ಟು ಸೆಂಟ್ ಎಂಬ ಲೆಕ್ಕವಿತ್ತು. ಜನ ಈಮೇಲನ್ನು ಮುಂಚೆಯೇ ಬರೆದಿಟ್ಟುಕೊಂಡು, ಕನೆಕ್ಟ್ ಮಾಡಿ, ಕಳಿಸಿ, ಕಳಚಿಕೊಂಡು ಡೆಕ್ಕಿಗೆ ಓಡುತ್ತಿದ್ದರು. ದಿನಕ್ಕಿಷ್ಟು ಎಂದದ್ದೇ ತಡ, ಆಟ ತಿರುಗಿತು. ಕೊಟ್ಟಾಗಿದೆ, ಬಳಸದಿದ್ದರೆ ನಷ್ಟ. ಡಾಲರಿನ ಖರ್ಚು ಕಾರ್ಡು ಉಜ್ಜಿದಲ್ಲಿಗೆ ಮುಗಿಯುತ್ತದೆ. ಆ ಡಾಲರನ್ನು ವಸೂಲು ಮಾಡುವ ಹಟದಲ್ಲಿ ಸಮುದ್ರವೇ ಖರ್ಚಾಗುತ್ತದೆ. ಊರಿನಲ್ಲಿ ಗುಡ್ ಮಾರ್ನಿಂಗ್ ಫಾರ್ವರ್ಡುಗಳನ್ನು ತೆರೆಯದೇ ಅಳಿಸುತ್ತಿದ್ದ ನಮ್ಮವರು, ಹಡಗಿನಲ್ಲಿ ಒಂದೊಂದನ್ನೂ ಓದಿ, ಒಂದೊಂದಕ್ಕೂ ಕೈಮುಗಿದರು. ಅಲಾಸ್ಕಾದ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ತಾಸು ಹಿಂದೆ. ಬನಶಂಕರಿಯ ಬೆಳಗಿನ ಆರರ ಸುಪ್ರಭಾತ ನಮಗೆ ಹಿಂದಿನ ದಿನದ ಸಂಜೆ ನಾಲ್ಕೂವರೆಯ ಟೀ ಜೊತೆ ಬರುತ್ತಿತ್ತು. ನಾನು ನನ್ನ ಸರದಿಗೆ ಕಾಯುತ್ತ, ಅಕ್ಕನ ಮಂಡಿ ಆಪರೇಷನ್ ಏನಾಯಿತೆಂಬ ಒಂದು ಸಾಲಿಗಾಗಿ ಪಕ್ಕದಲ್ಲೇ ಕೂತಿರುತ್ತಿದ್ದೆ.

ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಬಂಟ್ವಾಳದ ಕಡೆಯವನು. ಕನ್ನಡ ಕಿವಿಗೆ ಬಿದ್ದದ್ದೇ ಕೇಳದೆ ಮೊಸರು ತಂದಿಟ್ಟ. ಸಿಬ್ಬಂದಿಗೂ ನೆಟ್ ಪುಕ್ಕಟೆಯಲ್ಲವಂತೆ. ‘ಜುನೋದಲ್ಲಿ ಲೈಬ್ರರಿಗೆ ಬನ್ನಿ ಆಂಟಿ’ ಎಂದ. ಜುನೋ ಅಲಾಸ್ಕಾದ ರಾಜಧಾನಿ. ಹೊರಗಿನಿಂದ ಅಲ್ಲಿಗೆ ರಸ್ತೆಯೇ ಇಲ್ಲ. ಹಡಗಿನಲ್ಲಿ ಬರಬೇಕು, ಇಲ್ಲವೇ ವಿಮಾನದಲ್ಲಿ. ಅಂಥ ಊರಿನಲ್ಲಿ ಬಂದರಿನ ಪಕ್ಕದ ಪಾರ್ಕಿಂಗ್ ಕಟ್ಟಡದ ಮೇಲೆ ಸಾರ್ವಜನಿಕ ಲೈಬ್ರರಿ ಇದೆ, ಅಲ್ಲಿ ವೈಫೈಗೆ ಕಾಸಿಲ್ಲ. ಅದರ ಆಸುಪಾಸಿನಲ್ಲಿ ಗೋಡೆಗೊರಗಿ ಕೂತ ಫಿಲಿಪೀನ್ಸಿನವರು, ಇಂಡೋನೇಷ್ಯಾದವರು, ಗೋವಾದವರು, ತಮ್ಮ ತಮ್ಮ ಭಾಷೆಯಲ್ಲಿ ಫೋನಿಗೆ ನಗುತ್ತಿದ್ದರು. ನಮ್ಮ ಹುಡುಗನ ಸಂಜೆ ಪಾಳಿಗೆ ಇನ್ನೂ ಸ್ವಲ್ಪ ಹೊತ್ತಿತ್ತು, ಬಂಟ್ವಾಳದಲ್ಲಿ ಆಗತಾನೆ ಬೆಳಗಾಗಿತ್ತು. ಬಾಯಿತುಂಬ ಪೇಸ್ಟಿನ ನೊರೆ ಮಾಡಿಕೊಂಡ ಮಗಳು ತುಟಿ ಕೆಳಗೆಳೆದು ಬಿದ್ದ ಹಲ್ಲಿನ ಜಾಗ ತೋರಿಸುತ್ತಿದ್ದಳು. ಅವನು ಪರದೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದ. ನಮ್ಮವರೂ ಅಲ್ಲೇ ಜಾಗ ಹಿಡಿದು ಫೋನು ತೆರೆದರು. ಬನಶಂಕರಿಯ ಪಾರ್ಕಿಂಗ್‌ನಲ್ಲಿ ಯಾರದೋ ಕಾರು ಅಡ್ಡ ನಿಂತಿತ್ತು. ಪುಕ್ಕಟೆ ನೆಟ್‌ನಲ್ಲಿ ಅದನ್ನು ತೆಗೆಸಿದರು.

ಗ್ಲೇಸಿಯರ್ ಬೇ ತಲುಪಿದ ದಿನ ಹಡಗಿನ ಜನವೆಲ್ಲ ಡೆಕ್ಕಿನ ಮೇಲೆ ಕಂಬಳಿ ಹೊದ್ದು ನಿಂತಿದ್ದರು. ಆ ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ ಎರಡೇ ಕ್ರೂಸ್ ಹಡಗಿಗೆ ಪ್ರವೇಶ. ದೋಣಿಯಲ್ಲಿ ಬಂದು ಹತ್ತಿದ ರೇಂಜರುಗಳು ಮೈಕಿನಲ್ಲಿ ವಿವರಿಸುತ್ತಿದ್ದರು. ಎದುರಿಗೆ ಮಾರ್ಜರಿ ಹಿಮನದಿ, ಸುಮಾರು ಒಂದು ಮೈಲಿ ಅಗಲದ ನೀಲಿ ಗೋಡೆ. ಗಂಟೆ ಬೆಳಗಿನ ಹನ್ನೊಂದು. ಬನಶಂಕರಿಯಲ್ಲಿ ರಾತ್ರಿ ಹನ್ನೆರಡೂವರೆ, ಅಂದರೆ ಟ್ಯಾಂಕರ್ ಬರುವ ಹೊತ್ತು. ಹನ್ನೆರಡು ಸಾವಿರ ಲೀಟರ್ ಹೊತ್ತ ಲಾರಿ ಗೇಟಿನ ಮುಂದೆ ಹಾರನ್ ಹೊಡೆಯುತ್ತಿದೆ, ವಾಚ್‌ಮನ್ ನಾಪತ್ತೆ, ಸಂಪು ಬರಿದಾಗಿದೆ. ‘ಅವನ ಹೆಂಡತಿ ನಂಬರಿಗೆ ಮಾಡಿ’ ಎಂದು ಇವರು ಬರೆದ ಮೆಸೇಜು ಒಂದೇ ಟಿಕ್ಕಿಗೆ ನಿಂತಿತು. ಉಪಗ್ರಹಕ್ಕೂ ನಮಗೂ ನಡುವೆ ಬೆಟ್ಟ. ಇವರು ಹಿಮನದಿಗೆ ಬೆನ್ನು ಮಾಡಿ, ಫೋನನ್ನು ಆಕಾಶಕ್ಕೆ ಹಿಡಿದು, ಹಡಗಿನ ಆ ತುದಿಯಿಂದ ಈ ತುದಿಗೆ ನಡೆದರು. ಅಷ್ಟರಲ್ಲಿ ಗೋಡೆಯ ಒಂದು ಪಾಲು ಸದ್ದಿಲ್ಲದೆ ಜಾರಿತು. ಸದ್ದು ಆಮೇಲೆ ಬಂತು. ಅಲ್ಲಿನ ಮೂಲನಿವಾಸಿ ಟ್ಲಿಂಗಿಟ್ ಜನ ಅದನ್ನು ಬಿಳಿ ಗುಡುಗು ಅನ್ನುತ್ತಾರೆ. ಜನ ಹೋ ಎಂದು ಕೂಗಿದರು. ಇವರು ತಟ್ಟನೆ ತಿರುಗಿ, ‘ಏನಾಯ್ತೇ?’ ಎಂದರು.

‘ನೀರು ಬಂತು’ ಎಂದೆ.

ಕೊನೆಯ ರಾತ್ರಿ ಬಾಗಿಲ ಸಂದಿಯಲ್ಲಿ ತೂರಿಸಿದ ಬಿಲ್ಲಿನಲ್ಲಿ ಎಲ್ಲಕ್ಕಿಂತ ಉದ್ದದ ಅಂಕಿ ನೆಟ್‌ನದೇ. ಬೆಂಗಳೂರಿಗೆ ಮರಳಿದ ವಾರ ಅಸೋಸಿಯೇಷನ್ ಸಭೆಯಿತ್ತು. ಇವರು ಅಲಾಸ್ಕಾದ ಮಾತೆತ್ತಿದ್ದೇ ತಡ, ನಾಲ್ಕನೇ ಮಹಡಿಯವರು ಬೆರಗಿನಿಂದ ಕೇಳಿದರು: ‘ಸಾರ್, ನೀವು ಊರಲ್ಲಿರಲಿಲ್ವಾ? ನಮಗೆ ಗೊತ್ತೇ ಆಗಲಿಲ್ಲ!’

ಇವರು ಅದನ್ನು ಬಹುಮಾನದಂತೆ ಹೊತ್ತುಕೊಂಡು ಮನೆಗೆ ಬಂದರು. ‘ನೋಡಿದೆಯಾ, ಕೊಟ್ಟ ದುಡ್ಡು ಪೂರ್ತಿ ವಸೂಲು’ ಎಂದರು. ಊರಿನಲ್ಲೇ ಇದ್ದೇವೆ ಅನ್ನಿಸಿಕೊಳ್ಳುವುದಕ್ಕೆ ಊರಿನಲ್ಲೇ ಇದ್ದಿದ್ದರೆ ಇನ್ನೂ ಅಗ್ಗವಾಗುತ್ತಿತ್ತಲ್ಲ ಎಂದು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಟ್ಯಾಂಕರಿನವನು.